ಬುಧವಾರ ಮಾಳಿಗೆ, ಗುರುವಾರ ಕಥೆ

ಟಿವಿಗೆ ಮೂರು ಸಾವಿರದ ಇನ್ನೂರು. ಆಂಟೆನಾಕ್ಕೆ ನೂರಾ ಎಂಬತ್ತು. ಅದನ್ನು ಎತ್ತಿ ನಿಲ್ಲಿಸುವ ಕಬ್ಬಿಣದ ಪೈಪಿಗೆ ತೊಂಬತ್ತು, ಆ ಪೈಪನ್ನು ದಾವಣಗೆರೆಯಿಂದ ಬಸ್ಸಿನ ಮೇಲೆ ಹಾಕಿಕೊಂಡು ಬಂದ ಕಂಡಕ್ಟರನಿಗೆ ಐದು. ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಹೊನ್ನಾಳಿಯ ಬಿತ್ತನೆ ಬೀಜದ ಕಚೇರಿಯವರು ಸೇರಿ ಮಾಡಿದ ಖರ್ಚು ಇದು. ಆಫೀಸರು ಐನೂರು ಕೊಟ್ಟರು, ಹೆಡ್ ಕ್ಲರ್ಕ್ ಮಹೇಶ್ವರಪ್ಪ ಇನ್ನೂರು. ಗೋಡೌನ್ ನೋಡಿಕೊಳ್ಳುವ ಹಂಗಾಮಿ ನೌಕರ ಚಿಕ್ಕಹನುಮಂತಪ್ಪ ಕೊಟ್ಟಿದ್ದು ಹದಿನೈದು. ಉಳಿದವರಿಗೆಲ್ಲ ಕೊಟ್ಟ ದುಡ್ಡಿಗೆ ಚಿತ್ರ ಸಿಕ್ಕಿತು. ಅವನಿಗೆ ಸಿಕ್ಕಿದ್ದು ಮಾಳಿಗೆ.

ದಾವಣಗೆರೆಯ ಟವರು ದೂರ. ಹೊಳೆ ಕಡೆಯಿಂದ ಗಾಳಿ ಎದ್ದರೆ ಪೈಪು ತಿರುಗುತ್ತಿತ್ತು. ಪೈಪು ತಿರುಗಿದರೆ ಒಳಗೆ ಪರದೆಯ ತುಂಬ ಸಾಸಿವೆ ಚೆಲ್ಲಿದಂತೆ ಚುಕ್ಕಿ. ಬುಧವಾರ ಸಂಜೆ ಹಿಂದಿಯಲ್ಲೊಂದು ಧಾರಾವಾಹಿ ಬರುತ್ತಿತ್ತು. ಬೊಂಬಾಯಿಯ ಒಂದು ಆಫೀಸು, ಅಲ್ಲಿನ ಸಾಹೇಬರು, ಗುಮಾಸ್ತರು, ಅವರ ಪೇಚಾಟ. ನೋಡುವುದಕ್ಕೆ ನೌಕರರು ಹೆಂಡತಿ ಮಕ್ಕಳೊಂದಿಗೆ ಚಾಪೆ ಹಿಡಿದು ಕಚೇರಿಗೆ ಬರುತ್ತಿದ್ದರು. ಚಿಕ್ಕಹನುಮಂತಪ್ಪ ಬ್ರಹ್ಮಚಾರಿ, ಹಂಗಾಮಿ, ಮೇಲಾಗಿ ಬಿಳಿಚೋಡಿನಲ್ಲಿ ಕುರಿ ಕಾಯುತ್ತ ಗುಡ್ಡ ಹತ್ತಿ ಬೆಳೆದವನು. ಮಾಳಿಗೆ ಹತ್ತುವುದಕ್ಕೆ ಇನ್ಯಾರನ್ನು ಹುಡುಕಬೇಕು?

"ಬಂತೇನ್ರೀ?" ಮೇಲಿನಿಂದ ಅವನು.

"ಇಲ್ಲ ಇಲ್ಲ... ಬಂತು! ಹಂಗೇ ಹಿಡಕೋ, ಉಸಿರಾಡಬ್ಯಾಡ!" ಕೆಳಗಿನಿಂದ ಮಹೇಶ್ವರಪ್ಪ.

ಅವನು ಹಿಡಿದರೆ ಚಿತ್ರ, ಬಿಟ್ಟರೆ ಚುಕ್ಕಿ ಎಂದು ಕಚೇರಿ ನಂಬಿತು. "ನಿನ್ನ ಕೈಗುಣ ಕಣಪ್ಪ" ಎಂದು ಆಫೀಸರೇ ಒಮ್ಮೆ ಬೆನ್ನು ತಟ್ಟಿದರು. ಆಮೇಲೆ ಇಳಿಯುವ ಮಾತೇ ಇರಲಿಲ್ಲ.

ಗುರುವಾರ ಮಧ್ಯಾಹ್ನ ಗೋಡೌನಿನ ಜಗಲಿಯಲ್ಲಿ ಅವನು ರೊಟ್ಟಿಯ ಗಂಟು ಬಿಚ್ಚುತ್ತಿದ್ದಾಗ ಟೈಪಿಸ್ಟ್ ಅಂತರಘಟ್ಟಮ್ಮ ತನ್ನ ಡಬ್ಬಿ ಹಿಡಿದು ಬಂದಳು. ಸಾಸ್ವೆಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವವಳು, ಬುಧವಾರ ಮಾತ್ರ ಧಾರಾವಾಹಿ ಮುಗಿಸಿ ಕೊನೆಯ ಬಸ್ಸು ಹಿಡಿಯುವವಳು. ಇಬ್ಬರ ಮನೆಯಲ್ಲೂ ಕಚೇರಿಯ ದುಡ್ಡಿನ ಮುಖ ಮೊದಲು ಕಂಡವರು ಅವರೇ. ಕಚೇರಿಯಲ್ಲಿ ಉದ್ದದ ಹೆಸರೂ ಅವರಿಬ್ಬರದೇ. ಹಾಜರಿ ಕೂಗುವಾಗ ಮಹೇಶ್ವರಪ್ಪ "ನಿಮ್ಮಿಬ್ಬರನ್ನ ಕರೆಯೋದರಾಗೆ ನನ್ನ ಕಾಫಿ ಆರತೈತೆ" ಎನ್ನುತ್ತಿದ್ದರು.

"ಪಾಪ, ನಿನ್ನೆ ಎಲ್ಲರೂ ನಗತಿದ್ರು, ನೀವೊಬ್ಬರು ಮ್ಯಾಲೆ ಬಂತಾ ಬಂತಾ ಅಂತಿದ್ರಿ" ಎಂದಳು.

"ಯಾಕೆ ನಕ್ಕರು ಅಂತನಾದ್ರೂ ಹೇಳ್ರಿ. ನಗು ಕೇಳಿಸ್ತೈತೆ, ಕಾರಣ ಕೇಳಿಸಲ್ಲ."

ಅವಳು ಹೇಳಿದಳು. ಹಿಂದಿ ಪರೀಕ್ಷೆ ಕಟ್ಟಿ ಪಾಸಾದವಳು, ಆ ಕಚೇರಿಯಲ್ಲಿ ಮಾತು ತಿಳಿಯುತ್ತಿದ್ದುದು ಅವಳಿಗೊಬ್ಬಳಿಗೇ. ಸಾಹೇಬರ ಕೊಡೆ ಕಳೆದದ್ದು, ಎಲ್ಲರ ಮೇಲೂ ಅನುಮಾನ ಬಿದ್ದದ್ದು, ಕೊನೆಗೆ ಕೊಡೆ ಅವರದೇ ಕಂಕುಳಲ್ಲಿ ಸಿಕ್ಕಿದ್ದು. ಸಾಹೇಬರಾಗುವಾಗ ಅವಳ ಗಲ್ಲ ಉಬ್ಬುತ್ತಿತ್ತು, ಗುಮಾಸ್ತನಾಗುವಾಗ ಹೆಗಲು ಜೋಲುತ್ತಿತ್ತು. ಹನುಮಂತಪ್ಪ ನಗುವುದಕ್ಕೆ ಹೋಗಿ ನೀರು ನೆತ್ತಿಗೇರಿಸಿಕೊಂಡ.

ಅಂದಿನಿಂದ ಬುಧವಾರ ಮಾಳಿಗೆ, ಗುರುವಾರ ಕಥೆ. ಬೇರೆ ಯಾರಾದರೂ ಧಾರಾವಾಹಿಯ ಮಾತೆತ್ತಿದರೆ ಅವನು ಎದ್ದು ಹೋಗುತ್ತಿದ್ದ. ಅವಳಿಂದ ಕೇಳಬೇಕಾದದ್ದನ್ನು ಮೊದಲೇ ಇನ್ನೊಬ್ಬರ ಬಾಯಲ್ಲಿ ಕೇಳಿ ಕೆಡಿಸಿಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ.

ಒಂದು ಬುಧವಾರ ತೋಳು ನೋವೆದ್ದು, ಮೂಲೆಯಲ್ಲಿ ಬಿದ್ದಿದ್ದ ಬೈಂಡಿಂಗ್ ತಂತಿಯಿಂದ ಪೈಪನ್ನು ಗೋಡೆಯ ಕೊಂಡಿಗೆ ಬಿಗಿದು ನೋಡಿದ. ಪೈಪು ಅಲ್ಲಾಡಲಿಲ್ಲ. ಕೆಳಗಿನಿಂದ ಯಾರೂ ಕೂಗಲಿಲ್ಲ. ಇಳಿದು ಹೋಗಿ ಅವಳ ಚಾಪೆಯ ಹಿಂದೆ ಕೂತು ಎಲ್ಲರಂತೆ ನೋಡಬಹುದಿತ್ತು. ಒಂದು ಗಳಿಗೆ ಯೋಚಿಸಿದ. ಇಳಿದರೆ ಧಾರಾವಾಹಿ ಸಿಗುತ್ತದೆ, ಗುರುವಾರ ಹೋಗುತ್ತದೆ. ತಂತಿ ಬಿಚ್ಚಿ ಜೇಬಿಗೆ ಹಾಕಿಕೊಂಡು ಮತ್ತೆ ಪೈಪು ಹಿಡಿದು ನಿಂತ.

ಬರುಬರುತ್ತ ಕಥೆಯಲ್ಲಿ ಹೊಸಬರು ಕಾಣಿಸಿಕೊಂಡರು. ಆ ಬೊಂಬಾಯಿ ಆಫೀಸಿನಲ್ಲಿ ಸುಧಾ ಅಂತ ಟೈಪಿಸ್ಟ್ ಇದ್ದಾಳಂತೆ. ಸ್ಟೋರು ನೋಡಿಕೊಳ್ಳುವ ಬಾಬು ಒಬ್ಬನಿದ್ದಾನಂತೆ.

"ಅವನಿಗೆ ಆಕೆ ಮ್ಯಾಲೆ ಮನಸೈತೆ" ಎಂದಳು ಅಂತರಘಟ್ಟಮ್ಮ. "ಆದ್ರೆ ಬಾಯಿಲ್ಲ."

"ಮೂಗನಾ?"

"ಅಲ್ರಿ. ಮಳೆ, ಬಸ್ಸಿನ ಟೈಮು, ಗೊಬ್ಬರದ ಚೀಲ, ಎಲ್ಲಾ ಮಾತಾಡ್ತಾನೆ. ಬೇಕಾದ್ದೊಂದು ಬಿಟ್ಟು."

"ಬೊಂಬಾಯಿ ಆಫೀಸಿಗೆ ಗೊಬ್ಬರದ ಚೀಲ ಎಲ್ಲಿಂದ ಬಂತು?"

ಅವಳು ಚಟ್ನಿಪುಡಿಯನ್ನು ರೊಟ್ಟಿಯ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಸವರಿದಳು. "ನಂದೂ ಅರ್ಧಂಬರ್ಧ ಹಿಂದಿ. ಚೀಲ ಅಂದಂಗೆ ಕೇಳಿಸ್ತು."

"ಅಷ್ಟು ದಡ್ಡ ಇರತಾನೇನ್ರಿ ಯಾವನಾದ್ರೂ? ಎದುರಿಗೇ ಕುಂತಿರೋಳಿಗೆ ಹೇಳಾಕೆ ಏನು ರೋಗ?"

"ಇರತಾರೆ ಬಿಡ್ರಿ." ಅವಳು ಕಣ್ಣೆತ್ತಿ ನೋಡಿದಳು. ನೋಟ ಅವನ ಮುಖದ ಮೇಲೆ ಕೂತು, ಏಳುವುದಕ್ಕೆ ಸ್ವಲ್ಪ ತಡಮಾಡಿತು. ಆಮೇಲೆ ಡಬ್ಬಿಯ ಮುಚ್ಚಳ ಟಪ್ಪನೆ ಬಿತ್ತು.

ಕಸಬರಿಕೆ ಹಿಡಿದು ಅತ್ತಲೇ ಬಂದ ಅಟೆಂಡರ್ ಸುಂಕಲಮ್ಮ "ತಮ್ಮಾ, ಗೋಡೌನಿನಾಗೆ ಇಲಿ ಓಡಾಡಿದ್ರೂ ನಿಂಗೆ ಗೊತ್ತಾಗತೈತೆ, ಅಲ್ಲಾ?" ಎಂದು ಕೇಳಿದಳು.

"ಹೂನಕ್ಕ, ಯಾಕೆ?"

"ಏನಿಲ್ಲ. ನೋಡಿದ್ರೆ ಹಂಗೆ ಅನ್ನಿಸಲ್ಲ" ಎಂದು ಕಸ ಗುಡಿಸುತ್ತ ಹೋದಳು.

ಬಾಯಿ ಹನುಮಂತಪ್ಪನಿಗೂ ಇರಲಿಲ್ಲ. ಅವಳದು ಕಾಯಂ ನೌಕರಿ, ಅವನದು ದಿನಗೂಲಿ ಲೆಕ್ಕದ್ದು. ಕೇಳಿ ಇಲ್ಲ ಅನ್ನಿಸಿಕೊಂಡರೆ ಜಗಲಿಯ ಆ ಅರ್ಧ ಗಂಟೆಯೂ ಹೋಗುತ್ತದೆ. ಇದ್ದಷ್ಟು ಇರಲಿ ಎಂದು ಸುಮ್ಮನಿದ್ದ. ಅಷ್ಟರಲ್ಲಿ ಚನ್ನಗಿರಿಯಲ್ಲಿ ಒಂದು ವಾರದ ಬೀಜ ಸಂಗ್ರಹದ ತರಬೇತಿಗೆ ಅವನ ಹೆಸರು ಬಂತು. ಅದನ್ನು ಮುಗಿಸಿ ಸರ್ಟಿಫಿಕೇಟು ತಂದವರನ್ನು ಮಾತ್ರ ಆ ವರ್ಷ ಕಾಯಂ ಮಾಡುವುದಂತೆ. ಕಾಯಂ ಆದ ದಿನವೇ ಕೇಳಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ.

ಹೊರಡುವ ಮುಂಚಿನ ಗುರುವಾರ ಅವಳು ಸಾಹೇಬರಾಗಲಿಲ್ಲ, ಗಲ್ಲ ಉಬ್ಬಿಸಲಿಲ್ಲ.

"ಸುಧಾಗೆ ಗಂಡು ಬಂದೈತೆ. ಮೇಷ್ಟ್ರು. ಸ್ವಂತ ಮನೆ, ಮೋಟರ್ ಸೈಕಲ್ಲು. ಮುಂದಿನ ಶುಕ್ರವಾರ ಮಾತು ಮುಗಿಸಾಕೆ ಬರತಾರೆ. ನೌಕರಿ ಬಿಡಬೇಕಂತೆ. ಹೆಸರು ಹಳೇದಂತೆ, ಮದುವ್ಯಾಗೆ ಬದಲಾಯಿಸ್ತಾರಂತೆ."

"ಸುಧಾ ಅನ್ನೋದು ಹಳೇ ಹೆಸರಾ?"

"ಅವರಿಗೆ ಹಳೇದು."

"ಮತ್ತೆ ಆ ಸ್ಟೋರ್ ಬಾಬು?"

"ಅವನು ಎಲ್ಲಿಗೋ ಟ್ರೈನಿಂಗಿಗೆ ಹೊಂಟಾನೆ" ಎಂದು ಅವಳು ಎದ್ದಳು. ಡಬ್ಬಿಯಲ್ಲಿ ರೊಟ್ಟಿ ಮುರಿಯದೆ ಹಾಗೇ ಉಳಿದಿತ್ತು. ನಂಟರಿಗೆ ಏನಾದರೂ ಆದಂತೆ ಧಾರಾವಾಹಿಗೆ ಇಷ್ಟು ಕೊರಗುತ್ತಾಳಲ್ಲ ಎಂದುಕೊಂಡ ಹನುಮಂತಪ್ಪ.

ಚನ್ನಗಿರಿಗೆ ಹೋಗುವ ಮುಂಚೆ ಮಾಳಿಗೆ ಹತ್ತಿ ಪೈಪನ್ನು ಕೊಂಡಿಗೆ ತಂತಿಯಿಂದ ಬಿಗಿದ. ತಾನಿಲ್ಲವೆಂದು ಅವಳಿಗೆ ಚಿತ್ರ ತಪ್ಪಬಾರದು.

ತರಬೇತಿಯವರಿಗೆ ಇಳಿದುಕೊಳ್ಳಲು ಕೊಟ್ಟಿದ್ದ ಛತ್ರದ ಎದುರಿಗೆ ಶಾಂತಾದೇವಿ ಎಂಬುವರ ಮನೆ. ಅವರ ಗಂಡ ಅಡಿಕೆ ವ್ಯಾಪಾರಿ, ಮನೆಯಲ್ಲಿ ಟಿವಿ ಇತ್ತು. ಬುಧವಾರ ಸಂಜೆ ಅವರು ಕಿಟಕಿ ಪೂರ್ತಿ ತೆರೆದು ಬೀದಿಯವರಿಗೆಲ್ಲ ಜಗಲಿ ಬಿಟ್ಟುಕೊಡುತ್ತಿದ್ದರು. ಹನುಮಂತಪ್ಪ ಎಲ್ಲರಿಗಿಂತ ಮೊದಲೇ ಹೋಗಿ ಸರಳು ಹಿಡಿದು ನಿಂತ. ಇಷ್ಟು ದಿನ ಕಿವಿಯಲ್ಲಿ ಕೇಳಿದ ಸುಧಾಳನ್ನು ಇವತ್ತು ಕಣ್ಣಲ್ಲಿ ಕಾಣಬೇಕು.

ಸಾಹೇಬರು ಬಂದರು, ಅವಳು ಹೇಳಿದ ಹಾಗೆಯೇ ಗಲ್ಲ ಉಬ್ಬಿತ್ತು. ಜೋಲು ಹೆಗಲಿನ ಗುಮಾಸ್ತ ಬಂದ. ಯಾರದೋ ಊಟದ ಡಬ್ಬಿ ಅದಲುಬದಲಾಗಿ ಜನ ನಕ್ಕರು. ಮೂಲೆಯಲ್ಲಿ ಟೈಪ್ ಮಾಡುತ್ತ ಕೂತಿದ್ದವನು ಪೊದೆ ಮೀಸೆಯ ಮುದುಕ. ಸುಧಾ ಬರಲಿಲ್ಲ. ಸ್ಟೋರೂ ಇರಲಿಲ್ಲ. ಧಾರಾವಾಹಿ ಮುಗಿದು ಹೆಸರುಗಳು ಮೇಲಕ್ಕೆ ಹೋಗತೊಡಗಿದವು.

"ಅಮ್ಮಾ, ಆ ಟೈಪಿಸ್ಟ್ ಹುಡುಗಿ ಇವತ್ತು ಬರಲಿಲ್ಲೇನ್ರಿ?" ಕಿಟಕಿಯಿಂದಲೇ ಕೇಳಿದ.

"ಯಾವ ಹುಡುಗಿ?"

"ಸುಧಾ ಅಂತ. ಮದುವೆ ಮಾತು ನಡೆದೈತಲ್ರಿ."

ಶಾಂತಾದೇವಿ ನಕ್ಕರು. "ಮೊದಲಿಂದ ಒಂದು ವಾರಾನೂ ಬಿಡದೆ ನೋಡೀನಿ ಕಣಪ್ಪ. ಆ ಆಫೀಸಿನಾಗೆ ಹೆಣ್ಣುಮಕ್ಕಳೇ ಇಲ್ಲ."

ಸರಳು ಹಿಡಿದ ಕೈ ಹಾಗೇ ಇತ್ತು. ಗೊಬ್ಬರದ ಚೀಲ, ಬಸ್ಸಿನ ಟೈಮು, ಟ್ರೈನಿಂಗಿಗೆ ಹೊರಟ ಬಾಬು, ಹಳೆಯ ಹೆಸರು. ಒಂದೊಂದಾಗಿ ಬಂದು ಎದೆಯ ಮೇಲೆ ಕೂತವು. ಅಷ್ಟು ಗುರುವಾರಗಳಿಂದ ಒಬ್ಬಳು ಎದುರಿಗೆ ಕೂತು ಹೇಳುತ್ತಲೇ ಇದ್ದಳು. ಅವನು ರೊಟ್ಟಿ ತಿನ್ನುತ್ತ, ಮುಂದೇನಾಯಿತು ಎಂದು ಕೇಳುತ್ತಿದ್ದ. ಹಾಗಾದರೆ ಆ ಮೇಷ್ಟ್ರೂ ನಿಜ. ನಾಡಿದ್ದೇ ಶುಕ್ರವಾರ.

ಬೆಳಿಗ್ಗೆ ತರಬೇತಿಯ ಸಾಹೇಬರು ಕನ್ನಡಕ ಕೆಳಗಿಳಿಸಿ "ಇನ್ನು ಮೂರೇ ದಿನ ಐತೆ. ಈಗ ಹೋದ್ರೆ ಸರ್ಟಿಫಿಕೇಟು ಇಲ್ಲ ನೋಡಪ್ಪ. ಯೋಚನೆ ಮಾಡು" ಎಂದರು.

"ಮಾಡೀನಿ ಸಾರ್" ಎಂದ. ಬಸ್ ಸ್ಟ್ಯಾಂಡಿಗೆ ಓಡಿದ.

ಮಧ್ಯಾಹ್ನದ ಹೊತ್ತಿಗೆ ಅವಳು ಜಗಲಿಯಲ್ಲಿ ಒಬ್ಬಳೇ ಕೂತಿದ್ದಳು. ಅವನನ್ನು ಕಂಡು ಕೈಯಲ್ಲಿದ್ದ ತುತ್ತು ಡಬ್ಬಿಗೆ ಮರಳಿತು.

"ಶನಿವಾರದ ಮಟ ಅಂದಿದ್ರಲ್ಲ?"

"ಹೂನ್ರಿ." ಅವನು ಎದುರಿಗೆ ಕೂತ. ಏದುಸಿರು ನಿಲ್ಲಲಿ ಎಂದು ಕಾದ. "ನಿನ್ನೆ ಧಾರಾವಾಹಿಯಾಗೆ ಏನಾತು?"

"ಅದಿರಲಿ. ನಿನ್ನೆ ನೀವಿಲ್ಲ, ಚಿತ್ರ ಮಾತ್ರ ಕನ್ನಡಿ ಇದ್ದಂಗೆ ಬಂತು. ಮಹೇಶ್ವರಪ್ಪನೋರು ದೆವ್ವ ಹಿಡಕೊಂಡೈತೆ ಅಂದ್ರು. ಸುಂಕಲಮ್ಮ ಹತ್ತಿ ನೋಡಿದ್ರೆ ಪೈಪಿಗೆ ತಂತಿ ಬಿಗಿದೈತೆ." ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ತಂತಿಯಿಂದ ಆಗತೈತೆ ಅಂತ ನಿಮಗೆ ಯಾವಾಗಿಂದ ಗೊತ್ತು?"

ಅವನ ಕಿವಿ ಕೆಂಪಾದವು. "ಭಾಳ ದಿನ ಆತು."

"ಮತ್ತ್ಯಾಕೆ ಗಾಳಿಯಾಗೆ ನಿಲ್ಲತಿದ್ರಿ?"

"ಕೆಳಗೆ ಬಂದು ನೋಡಿದ್ರೆ ನೀವು ನಂಗೆ ಯಾಕೆ ಹೇಳತಿದ್ರಿ?"

ಅವಳ ತುಟಿಯ ತುದಿಗೆ ನಗು ಬಂತು. ಬಂದಷ್ಟೇ ಬೇಗ ಹೋಯಿತು, ಏಕೆಂದರೆ ಅವನು ಮುಂದಿನ ಮಾತು ಹೇಳಿಬಿಟ್ಟಿದ್ದ: "ನಿನ್ನೆ ಚನ್ನಗಿರಿಯಾಗೆ ನಾನೂ ನೋಡಿದೆ. ಪೂರ್ತಿ."

ಅವಳು ತಲೆ ತಗ್ಗಿಸಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಟೈಪು ಮಾಡೋನಿಗೆ ಇಷ್ಟುದ್ದ ಮೀಸೆ ಐತಲ್ರಿ" ಎಂದ ಮೆತ್ತಗೆ.

"ನಗಬ್ಯಾಡ್ರಿ."

"ನಗತಿಲ್ಲ. ಮುಂದಿನ ಕಥೆ ನಾನು ಹೇಳಲಾ? ಆ ಸ್ಟೋರ್ ಬಾಬು ಟ್ರೈನಿಂಗ್ ಬಿಟ್ಟು ಬಸ್ ಹತ್ತಿ..."

"ಕಥೆ ಬ್ಯಾಡ." ಅವಳ ದನಿ ಗಟ್ಟಿಯಾಗಿತ್ತು. ಕಣ್ಣು ಮಾತ್ರ ತುಂಬಿತ್ತು. "ಕಥೆ ನಾನು ಹೇಳಿ ಹೇಳಿ ಸಾಕಾಗೈತೆ. ನೀವು ನಿಮ್ಮ ಬಾಯಾಗೆ ಹೇಳ್ರಿ."

ಹನುಮಂತಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. "ನಂದು ಹಂಗಾಮಿ ನೌಕರಿ. ಸರ್ಟಿಫಿಕೇಟು ಬಿಟ್ಟು ಬಂದೀನಿ, ಅದಕ್ಕೆ ಈ ವರ್ಷ ಕಾಯಂ ಆಗಂಗಿಲ್ಲ. ಬಿಳಿಚೋಡಿನಾಗೆ ಅವ್ವ ಇದಾಳೆ, ಒಂದು ಹೆಂಚಿನ ಮನೆ ಐತೆ. ನಿಮ್ಮನ್ನ ಮದುವೆ ಆಗಬೇಕು ಅಂತ ನನ್ನ ಆಸೆ. ಮೊದಲ ಗುರುವಾರದಿಂದಲೂ ಐತೆ."

ಅವಳು ಕೂಡಲೇ ಹೂ ಅನ್ನಲಿಲ್ಲ. ಬಾಳುವೆ ಮಾಡಬೇಕಾದವಳು, ಕೇಳಬೇಕಾದ್ದನ್ನು ಕೇಳಿದಳು.

"ನೌಕರಿ ಬಿಡು ಅಂತೀರಾ?"

"ನಾನ್ಯಾಕೆ ಅನ್ನಲಿ?"

"ನನ್ನ ಹೆಸರು ನಮ್ಮಜ್ಜಿ ಹರಕೆ ಹೊತ್ತು ಇಟ್ಟಿದ್ದು. ಉದ್ದ ಐತೆ."

"ನಂದೇನು ಗಿಡ್ಡ ಐತಾ?"

ಆಗ ಅವಳು ನಕ್ಕಳು. ಸಾಹೇಬರದಲ್ಲ, ಗುಮಾಸ್ತನದಲ್ಲ, ಅವಳದೇ ನಗು. ಡಬ್ಬಿಯಿಂದ ಅರ್ಧ ರೊಟ್ಟಿ ಮುರಿದು ಅವನ ಕೈಗಿಟ್ಟಳು. ಬೆರಳು ತಾಕಿತು. ಇಬ್ಬರೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಹಂಗಾದ್ರೆ ಇವತ್ತೇ ನಮ್ಮಪ್ಪನ ಹತ್ರ ಬರ್ರಿ. ನಾಳೆಗೆ ತಡ ಆಗತೈತೆ."

ಸಂಜೆಯ ಬಸ್ಸಿನಲ್ಲಿ ಸಾಸ್ವೆಹಳ್ಳಿಗೆ ಹೋದರು. ಅವಳ ಅಪ್ಪ ಪಾಪಣ್ಣ ಎಲ್ಲವನ್ನೂ ಕೇಳಿ ಎಲೆಗೆ ಸುಣ್ಣ ಹಚ್ಚಿದ. "ಹುಡುಗ ಒಳ್ಳೇನು ಅನ್ನಿಸ್ತಾನೆ. ಆದ್ರೆ ಸ್ವಂತ ಮನೆ ಇರೋ ಮೇಷ್ಟ್ರನ್ನ ಬಿಟ್ಟು ಕಾಯಂ ಆಗದೋನಿಗೆ ಕೊಟ್ರೆ ಜನ ಏನಂತಾರವ್ವ?"

"ನಾನು ಕಾಯಂ ಆಗೀನಲ್ಲಪ್ಪ" ಎಂದಳು ಮಗಳು.

ಪಾಪಣ್ಣ ಅವಳ ಮುಖ ನೋಡಿದ, ಅವನ ಮುಖ ನೋಡಿದ. ನಾಳೆ ಬರುವುದು ಬೇಡವೆಂದು ಮೇಷ್ಟ್ರ ಮನೆಗೆ ಹೇಳಿಬರಲು ತಾನೇ ಎದ್ದು ಚಪ್ಪಲಿ ಮೆಟ್ಟಿದ.

ಆ ವರ್ಷ ಕಾಯಂ ಆದವರಲ್ಲಿ ಚಿಕ್ಕಹನುಮಂತಪ್ಪ ಇರಲಿಲ್ಲ. ಮೂರು ವರ್ಷ ಕೂಲಿ ಲೆಕ್ಕದಲ್ಲೇ ದುಡಿದ. ಆಮೇಲೆ ಜಗಳೂರಿನಲ್ಲಿ ಕಾಯಂ ಆಯಿತು, ಅವಳೂ ಅಲ್ಲಿಗೇ ವರ್ಗ ಮಾಡಿಸಿಕೊಂಡಳು. ಅವನ ಜೊತೆಯವರು ಅವನಿಗಿಂತ ಮೊದಲು ಬಡ್ತಿ ಪಡೆದರು. ಕಳೆದುಕೊಂಡದ್ದು ಮೂರು ವರ್ಷದ ಸರ್ವೀಸು. ಸಿಕ್ಕಿದ್ದು ಅಂತರಘಟ್ಟಮ್ಮ.