ಕೋಳಿಗಳ ನೀರಿಗೆ ಬೆರೆಸಿದ್ದು

ಆಸ್ಪತ್ರೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಂದವಳನ್ನು ಕಂಡು ಕೋಳಿ ಸಾಕುವವನ ಬಾಡಿದ ಮುಖ ಒಂದಿಷ್ಟು ಅರಳಿತು.

"ಅಮ್ಮನ್ನ ನೋಡೋಕೆ ಬಂದ್ರಾ ಮೇಡಂ? ಸೊಸೆ ಬಂದ್ಲು ಅಂದ್ರೆ ಎದ್ದು ಕೂತ್ಬಿಡ್ತಾಳೆ."

ಬೇರೆ ದಿನವಾಗಿದ್ದರೆ ಅವಳು ಕಿವಿಯವರೆಗೂ ಕೆಂಪಾಗುತ್ತಿದ್ದಳು. ಆಹಾರದಿಂದ ಹರಡುವ ರೋಗಾಣುಗಳನ್ನು ಹುಡುಕುವ ಲ್ಯಾಬಿನವಳು ಅವಳು. ಆರು ತಿಂಗಳಿಂದ ಪ್ರತಿ ಮಂಗಳವಾರ ಸ್ಯಾಂಪಲ್ಲಿಗೆಂದು ಅವನ ಶೆಡ್ಡಿಗೆ ಹೋಗುತ್ತಿದ್ದಳು. ಹತ್ತು ನಿಮಿಷದ ಕೆಲಸಕ್ಕೆ ಎರಡು ಗಂಟೆ ಹಿಡಿಯುತ್ತಿತ್ತು.

"ನೋಡ್ತಿರೋದು ಕೋಳೀನೋ, ಕೋಳಿ ಸಾಕೋನನ್ನೋ?" ಎಂದು ಅವನು ಕೆಣಕಿದರೆ ಇವಳ ನಗು ಮಾಸ್ಕಿನ ಮರೆಯಲ್ಲೇ ಅರಳುತ್ತಿತ್ತು. ವರದಿಯ ಹಾಳೆಯಲ್ಲಿ 'ಕೊಟ್ಟ ಆಂಟಿಬಯೋಟಿಕ್' ಎಂಬ ಸಾಲು ಬಂದಾಗ ಅವನ ಕಣ್ಣು ನೋಡಿಯೇ 'ಇಲ್ಲ' ಎಂದು ಬರೆದಿದ್ದಳು. ಅಂಥ ಕಣ್ಣಿನವನು ಮುಚ್ಚಿಡುವುದುಂಟೇ!

ಈಗ ಅದೇ ಶೆಡ್ಡಿನ ಅರೆಬೆಂದ ಮೊಟ್ಟೆ ತಿಂದ ಅವನ ಅಮ್ಮನ ರಕ್ತದಲ್ಲಿ ರೋಗಾಣು ಸೇರಿತ್ತು. ಎರಡು ಔಷಧ ಸೋತಿದ್ದವು. ಯಾವುದು ನಾಟುತ್ತದೆಂದು ಲ್ಯಾಬಿನ ಪರೀಕ್ಷೆ ಹೇಳುವುದು ನಾಳೆ. ನಾಳೆಯವರೆಗೆ ಆ ಜೀವ ತಡೆಯುವಂತಿರಲಿಲ್ಲ.

"ಕೋಳಿಗಳಿಗೆ ಏನು ಕೊಡ್ತಿದ್ರಿ?"

"ಇಲ್ಲ ಅಂತ ನೀವೇ ಬರ್ಕೊಂಡಿದ್ರಲ್ಲ..."

"ಆವತ್ತು ಕೇಳದೇ ಬರ್ದೆ. ಈಗ ಕೇಳ್ತಿದೀನಿ. ಡಾಕ್ಟರ್ ಕೈಲಿ ಉಳಿದಿರೋದು ಎರಡೇ ಔಷಧ. ಕೋಳಿಗಳಿಗೆ ಹಾಕಿದ್ದು ಆ ರೋಗಾಣುಗೆ ಅಭ್ಯಾಸ ಆಗಿರುತ್ತೆ, ಅದನ್ನೇ ಅಮ್ಮನಿಗೂ ಕೊಟ್ರೆ ಬರೀ ನೀರು ಕೊಟ್ಟ ಹಾಗೆ. ಹೇಳ್ರೀ!"

ಅವನು ಗೋಡೆಗೊರಗಿದ. "ನಿಷೇಧ ಆಗಿರೋ ಔಷಧ ಅದು. ಶೆಡ್ಡಿಗೆ ಬೀಗ ಬೀಳುತ್ತೆ. ನಿಮ್ಮ ಕೆಲಸಾನೂ..."

"ಹಾಳಾಗಿ ಹೋಗ್ಲಿ ನನ್ನ ಕೆಲಸ! ನನ್ನ ಅತ್ತೆ ಬದುಕ್ಬೇಕು!"

ಆ ಮಾತು ಬಾಯಿಂದ ಜಾರಿದ ಮೇಲೆಯೇ ಅವಳಿಗೂ ಕೇಳಿಸಿದ್ದು. ಅವನು ಗೋಡೆ ಬಿಟ್ಟು ನೆಟ್ಟಗೆ ನಿಂತ.

"ಕೊಲಿಸ್ಟಿನ್. ಮರಿಗಳು ಸಾಯ್ತಿದ್ವು. ನಾಲ್ಕು ತಿಂಗಳು ನೀರಲ್ಲಿ ಬೆರೆಸ್ದೆ. ನಿಮ್ಮ ಮುಂದೆ ಸಣ್ಣವನಾಗ್ತೀನಿ ಅಂತ..."

ಮಿಕ್ಕಿದ್ದನ್ನು ಕೇಳಲು ಅವಳು ಅಲ್ಲಿರಲಿಲ್ಲ. ವಾರ್ಡಿನ ಬಾಗಿಲು ದಡಾರನೆ ತೆರೆಯಿತು. ಡಾಕ್ಟರು ಕೈಲಿದ್ದ ಬಾಟಲಿಯನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡರು.

ಸಂಜೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದರು. ತಿದ್ದಿದ ವರದಿಯನ್ನು ಅವಳು ಆಫೀಸಿಗೆ ಕಳಿಸಿಯಾಗಿತ್ತು. ನರ್ಸ್ ಹೊರಬಂದು, "ಜ್ವರ ಇಳೀತಿದೆ. ಇನ್ನೂ ಏನೂ ಹೇಳೋಕಾಗಲ್ಲ," ಎಂದಳು.

"ನನ್ನ ಕ್ಷಮಿಸ್ತೀರಾ?" ಅವನು ನೆಲ ನೋಡುತ್ತ ಕೇಳಿದ.

"ಇಲ್ಲ."

ಅವನು ಎದ್ದು ನಿಂತ.

"ಎಲ್ಲಿಗೆ ಹೊರಟ್ರಿ? ಕ್ಷಮಿಸೋಕೆ ವರ್ಷಗಟ್ಟಲೆ ಬೇಕು ನಂಗೆ. ಪಕ್ಕದಲ್ಲೇ ಇರ್ಬೇಕು ನೀವು." ಅಳು ನುಂಗಿಕೊಂಡು ಅವಳು ಕೈ ಚಾಚಿದಳು, ಅವನು ಹಿಡಿಯಬೇಕು ಅನ್ನುವಷ್ಟರಲ್ಲಿ ಹಿಂದಕ್ಕೆಳೆದುಕೊಂಡಳು. "ಮೊದ್ಲು ಆ ಕೈನ ಸೋಪ್ ಹಾಕಿ ತೊಳ್ಕೊಂಡು ಬನ್ನಿ."