ತಾನಾಗಿಯೇ ಹೋದ ಅಡುಗೆಯವನು

ಅಮೆರಿಕದ ಮಿಲ್ ಕ್ರೀಕ್‌ನಲ್ಲಿ ನಮ್ಮ ಪಕ್ಕದ ಮನೆಯ ಮುದುಕ ಹೆರಾಲ್ಡ್. ಬ್ರಿಟಿಷರ ಕಾಲದಲ್ಲಿ ಅವರ ತಾತ ಕೀನ್ಯಾದಲ್ಲಿ ಮಾಡಿದ್ದ, ಚಿಕ್ಕಂದಿನಲ್ಲಿ ಅವರೂ ಇದ್ದ ಕಾಫಿ ಎಸ್ಟೇಟಿನ ಕಥೆಯನ್ನು 2014ರ ಆಗಸ್ಟ್‌ನಲ್ಲಿ ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

“ಎಸ್ಟೇಟಿನ ಅಡುಗೆಯವನು ತಾನಾಗಿಯೇ ಬಿಟ್ಟುಹೋದ,” ಎಂದು ಅವರು ಮೂರು ಸಲ ಹೇಳಿದ್ದರು. ಮನೆಗೆ ಬಂದು ರೆಕಾರ್ಡಿಂಗ್ ಹಾಕಿದರೆ, ಪ್ರತಿ ಸಲವೂ ಆ ಮಾತಿನ ಬೆನ್ನಿಗೇ ಯಾರೋ ಒಳಗಿನಿಂದ ಬಾಗಿಲು ಬಡಿದ ಸದ್ದು.

“ಹೀಟರ್ ಪೈಪಿನ ಸದ್ದಿರ್ಬೇಕು ಕಣೇ,” ಎಂದರು ನನ್ನ ಗಂಡ ಸುಪ್ರೀತ್.

“ಆಗಸ್ಟ್‌ನಲ್ಲಿ ಈ ಸೆಕೇಲಿ ಹೀಟರ್ ಯಾರ್ರೀ ಹಾಕ್ತಾರೆ?”

ಮರುದಿನ ಹೆರಾಲ್ಡ್‌ಗೆ ಅದನ್ನು ಕೇಳಿಸಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ಎಸ್ಟೇಟಿನ ಉಗ್ರಾಣದ ಬಾಗಿಲು ಬಹಳ ದಪ್ಪ ಇತ್ತು,” ಎಂದರಷ್ಟೆ.

“ಅಡುಗೆಯವನ ಹೆಸರೇನು?”

“ನಾವ್ಯಾರೂ ಕೇಳಿರಲಿಲ್ಲ.”

ಅದೇ ವಾರ ಅವರು ಮನೆಯ ಒಳಬಾಗಿಲುಗಳನ್ನೆಲ್ಲ ಕಳಚಿಸಿ ಗ್ಯಾರೇಜಿನಲ್ಲಿ ಒರಗಿಸಿದರು.