ಹಸಿ ಗರಿಯ ಚಪ್ಪರ

"ಯಾರ್ರೀ ಅದು, ಮೋಲ್ಡ್ ಮೇಲೆ ನೀರು ಸುರೀತಿರೋದು?"

ಬಕೆಟ್ ಎತ್ತಿದ್ದ ಸುಷ್ಮಿತಾ ಬೆಚ್ಚಿಬಿದ್ದಳು. ಅರ್ಧ ನೀರು ತಾರಸಿಯ ಕಾಂಕ್ರೀಟ್ ಮೋಲ್ಡಿಗೆ ಬಿತ್ತು, ಉಳಿದರ್ಧ ಮೆಟ್ಟಿಲು ಹತ್ತಿ ಬಂದವನ ಕಾಲಿಗೆ.

ಅವನು ಯೋಗೇಂದ್ರ, ಮನೆ ಓನರ್. ಅಶೋಕಪುರಂನ ಆ ಮನೆಯ ಕೆಳಭಾಗದಲ್ಲಿ ತಂದೆ ಹುಚ್ಚಣ್ಣನವರ ಜೊತೆಗಿದ್ದ. ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ಸುಷ್ಮಿತಾ ಮತ್ತವಳ ತಾಯಿ ಬೋರಮ್ಮ ಮೇಲ್ಮನೆಗೆ ಬಾಡಿಗೆಗೆ ಬಂದು ತಿಂಗಳಾಗಿದ್ದರೂ, ಅವನೂ ಸುಷ್ಮಿತಾಳೂ ಎದುರುಬದುರಾದದ್ದು ಅವತ್ತೇ ಮೊದಲು.

"ಒಂದ್ಸಲ ನಮ್ಮನೇಲಿ ಬಂದು ಕೂತ್ಕೊಳ್ಳಿ, ಆಮೇಲೆ ಕೇಳಿ," ಎಂದಳು. "ಕಾದ ಹೆಂಚು ಕಣ್ರೀ ಅದು. ನಮ್ಮಮ್ಮಂಗೆ ಬಿಪಿ ಬೇರೆ."

"ಎಸಿ ಹಾಕ್ಕೊಂಡಿದ್ದೀರಲ್ಲ?"

"ಅದು ಬೆಳಗಿಂದ ಸಂಜೆವರ್ಗೂ ಓಡ್ತದೆ. ಮನೆ ತಣ್ಣಗಾಗಲ್ಲ, ಕರೆಂಟ್ ಬಿಲ್ಲು ಮಾತ್ರ ಏರ್ತದೆ."

ಯೋಗೇಂದ್ರ ಒದ್ದೆ ಪ್ಯಾಂಟು ಕೊಡವಿದ. "ಮೋಲ್ಡ್ ಬಿರುಕು ಬಿಟ್ಟದೆ. ನೀರು ಹಾಕಿದ್ರೆ ನಿಮ್ಮ ತಲೆ ಮೇಲೇ ಸೋರ್ತದೆ."

"ಹಂಗಾದ್ರೆ ಬಿಳಿ ಬಣ್ಣ ಬಳಿಸಿ. ಕಾವು ಕೆಳಗಿಳಿಯಲ್ವಂತೆ."

"ಬಿರುಕು ಮುಚ್ಚದೆ ಬಣ್ಣ ಬಳಿದ್ರೆ ದಂಡ. ಮೇಸ್ತ್ರಿ ಊರಿಗೆ ಹೋಗವ್ರೆ. ಬರ್ಲಿ, ನೋಡೋಣ."

ನೋಡೋಣ... ಓನರ್ ಬಾಯಲ್ಲಿ ಆ ಮಾತು ಬಂತೆಂದರೆ ಬಾಡಿಗೆಯವರು ಆಸೆ ಬಿಟ್ಟುಬಿಡಬೇಕು. ಸುಷ್ಮಿತಾ ಬಿಟ್ಟಳು. ತನ್ನ ಕೈಲಾದದ್ದನ್ನು ತಾನೇ ಮಾಡಿದಳು.

ಮನೆಯಲ್ಲೇ ಕೂತು ಸೀರೆಗೆ ಕುಚ್ಚು ಕಟ್ಟುವ ಕೆಲಸ ಅವಳದು. ಕೈ ಬೆವೆತರೆ ರೇಷ್ಮೆ ದಾರ ಜಾರುತ್ತದೆ. ಪಡುವಣ ಕಿಟಕಿಗೆ ದಪ್ಪನೆಯ ಪರದೆ ಹಾಕಿದಳು. ಬಾಗಿಲ ಕೆಳಗಿನ ಸಂದಿಗೆ ಹಳೆ ಸೀರೆ ಮಡಿಸಿ ತುರುಕಿದಳು. ಎಸಿಯ ಫಿಲ್ಟರ್ ಬಿಚ್ಚಿ ತೊಳೆದರೆ ಮೈಸೂರಿನ ಧೂಳೆಲ್ಲ ಅದರಲ್ಲೇ ಇತ್ತು. ಹದಿನೆಂಟು ಡಿಗ್ರಿಯಲ್ಲಿ ಓಡುತ್ತಿದ್ದುದನ್ನು ಇಪ್ಪತ್ತಾರಕ್ಕೆ ಏರಿಸಿ ಜೊತೆಗೆ ಫ್ಯಾನ್ ಹಾಕಿದಳು. ಮುಂದಿನ ಬಿಲ್ಲು ಇಳಿಯಿತು.

ಪರದೆಯ ರಾಡು ಕೂರಿಸಲು ಡ್ರಿಲ್ಲಿಂಗ್ ಮೆಷಿನ್ ತಂದವನು ಯೋಗೇಂದ್ರನೇ. ಮರುದಿನ ರಾಡು ಸಡಿಲವಾಯಿತಾ ಎಂದು ಕೇಳಲು ಬಂದ. ಅದರ ಮರುದಿನವೂ ಬಂದ. ರಾಡು ಗಟ್ಟಿಯಾಗಿಯೇ ಇತ್ತು. ಬೋರಮ್ಮ ಎರಡೂ ಸಲ ಮಜ್ಜಿಗೆ ಕೊಟ್ಟರು.

ಸುಷ್ಮಿತಾಗೆ ಅವನು ಇಷ್ಟವಾದ. ಅವನ ಹೆಜ್ಜೆ ಸದ್ದು ಕೇಳಿದರೆ ಕುಚ್ಚಿನ ಗಂಟು ತಪ್ಪುತ್ತಿತ್ತು. ಬಾಯಿ ಬಿಟ್ಟು ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ.

ಏಪ್ರಿಲ್ ಬಂತು. ಪರದೆ ಕಿಟಕಿಯನ್ನು ತಡೆಯಿತೇ ಹೊರತು ತಲೆಮೇಲಿನ ಮೋಲ್ಡನ್ನು ತಡೆಯಲಿಲ್ಲ. ಒಂದು ಮಧ್ಯಾಹ್ನ ಬೋರಮ್ಮ ತಲೆಸುತ್ತಿ ಅಡುಗೆಮನೆಯಲ್ಲೇ ಕುಸಿದರು. ತಂಪಾದ ಜಾಗದಲ್ಲಿಡಿ ಎಂದರು ಡಾಕ್ಟರು.

ಇಲ್ಲಿದ್ದರೆ ಅಮ್ಮನಿಗೆ ಕಷ್ಟ. ಹೋದರೆ... ಅವನು ಯಾವ ನೆಪ ಹೇಳಿಕೊಂಡು ಬರುತ್ತಾನೆ?

"ಜಯಲಕ್ಷ್ಮಿಪುರಂನಲ್ಲಿ ಒಂದು ಕೆಳಮನೆ ಇದೆಯಂತೆ. ಭಾನುವಾರ ನೋಡ್ಕೊಂಡು ಬರ್ತೀವಿ," ಎಂದಳು ಅವನಿಗೆ.

"ನೋಡ್ಕೊಂಡ್ ಬನ್ನಿ," ಎಂದಷ್ಟೇ ಹೇಳಿ ಯೋಗೇಂದ್ರ ಇಳಿದುಹೋದ.

ಹೋಗಬೇಡಿ ಅನ್ನಬಾರದಿತ್ತೇ? ಅವಳಿಗೆ ಅಳು ಬಂತು. ಅತ್ತಳು.

ಭಾನುವಾರ ತಾಯಿ ಮಗಳು ಹೋಗಿ ನೋಡಿದರು. ಮನೆ ಚೆನ್ನಾಗಿತ್ತು, ಎದುರಿಗೆ ಹೊಂಗೆ ಮರದ ನೆರಳು. ಸಂಜೆಯೊಳಗೆ ತಿಳಿಸಿ ಎಂದರು ಆ ಮನೆಯವರು. ವಾಪಸು ಬಂದು ಆಟೋ ಇಳಿದು ತಲೆಯೆತ್ತಿದರೆ, ತಾರಸಿಯ ಮೇಲೆ ಹಸಿ ತೆಂಗಿನ ಗರಿಯ ಚಪ್ಪರ ಎದ್ದು ನಿಂತಿತ್ತು!

ಎದುರುಮನೆಯ ಚಾಮುಂಡೇಶ್ವರಿ ಗೇಟಿನಲ್ಲೇ ಕಾದಿದ್ದರು. "ನಿಮ್ ಓನರ್ ಮನೇಲಿ ಮದ್ವೆ ಕಣಮ್ಮ. ನಿಂಗೊತ್ತಿಲ್ವಾ?"

"ಯಾರದು?"

"ಇನ್ಯಾರ್ದು, ಯೋಗೇಂದ್ರಂದೇ. ನಾನೇ ಕೇಳ್ದೆ. ಇಲ್ಲ ಅನ್ಲಿಲ್ಲ."

ನಮ್ಮ ಕಡೆ ಹಸಿ ಗರಿ ಚಪ್ಪರ ಎದ್ದರೆ ಬೀದಿಗೆ ಲಗ್ನಪತ್ರಿಕೆ ಬೇಕಿಲ್ಲ. ಸುಷ್ಮಿತಾ ಅಮ್ಮನನ್ನು ಒಳಗೆ ಮಲಗಿಸಿದಳು. ಮೆಟ್ಟಿಲ ಮೇಲೆ ನಿಂತೇ ಜಯಲಕ್ಷ್ಮಿಪುರಂಗೆ ಫೋನ್ ಮಾಡಿದಳು. "ಮನೆ ಒಪ್ಪಿಗೆ ಆಯ್ತು, ಬರ್ತೀವಿ." ಆಮೇಲೆ ತಾರಸಿ ಹತ್ತಿದಳು.

ಯೋಗೇಂದ್ರ ಏಣಿಯ ಮೇಲೆ ನಿಂತು ಗರಿ ಕಟ್ಟುತ್ತಿದ್ದ. ಕೈಯೆಲ್ಲ ಕೊಳೆ, ಮೊಣಕೈಗೆ ಗೀರು.

"ಮನೆ ಖಾಲಿ ಮಾಡ್ತಿದ್ದೀವಿ," ಎಂದಳು. "ನಿಮ್ಮ ಮದುವೆಗೆ ಒಳ್ಳೇದಾಗ್ಲಿ. ನಮಗೂ ಒಂದ್ಮಾತು ಹೇಳ್ಬಹುದಿತ್ತು."

"ಯಾವ ಮದುವೆ?"

"ಚಪ್ಪರ ಹಾಕ್ಕೊಂಡು ಯಾವ ಮದುವೆ ಅಂತೀರಲ್ಲ!"

ಅವನು ಏಣಿಯಿಂದ ಇಳಿದ. "ಮೇಸ್ತ್ರಿ ಇನ್ನೂ ಬಂದಿಲ್ಲ ಸುಷ್ಮಿತಾ ಅವ್ರೇ. ಅಲ್ಲೀವರ್ಗೂ ಮೋಲ್ಡ್ ಮೇಲೆ ಬಿಸಿಲು ಬೀಳ್ದಿರ್ಲಿ ಅಂತ ಹಾಕ್ದೆ. ಅಮ್ಮಾರ್ಗೆ ತಂಪಾಗ್ಲಿ, ನೀವು ಹೋಗ್ದೇ ಇರ್ಲಿ ಅಂತ. ನೆರಳು ಅಂತಷ್ಟೇ ಯೋಚ್ನೆ ಮಾಡ್ದೆ. ಇದನ್ನ ಕಂಡು ಜನ ಮದ್ವೆ ಅನ್ಕೋತಾರೆ ಅಂತ ಹೊಳೀಲೇ ಇಲ್ಲ."

ಸುಷ್ಮಿತಾ ಚಪ್ಪರದ ನೆರಳಲ್ಲಿ ಬರಿಗಾಲಲ್ಲಿ ನಿಂತಿದ್ದಳು. ಪಾದ ಸುಡುತ್ತಿರಲಿಲ್ಲ. ಅದು ಅವಳ ಅರಿವಿಗೆ ಬಂದದ್ದು ಆಗ.

"ಚಾಮುಂಡೇಶ್ವರಮ್ಮ ಕೇಳಿದಾಗ ಇಲ್ಲ ಅನ್ಬಹುದಿತ್ತಲ್ಲ?"

"ಅನ್ಬೇಕು ಅಂತಿದ್ದೆ. ಬಾಯಿ ಬರ್ಲಿಲ್ಲ. ಹುಡುಗೀನ ಇನ್ನೂ ಕೇಳಿಲ್ಲ ಅಂದ್ಬುಟ್ಟೆ."

ಚಾಮುಂಡೇಶ್ವರಿ ಅಷ್ಟನ್ನು ನುಂಗಿಕೊಂಡು ಉಳಿದದ್ದನ್ನು ಬೀದಿಗೆ ಹಂಚಿದ್ದರು.

ಸುಷ್ಮಿತಾ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. "ನಾನು ಆ ಮನೆಯವ್ರಿಗೆ ಬರ್ತೀವಿ ಅಂತ ಹೇಳ್ಬುಟ್ಟೆ."

"ಮತ್ತೆ ಫೋನ್ ಮಾಡಿ ಬರಲ್ಲ ಅನ್ನಿ."

"ಏನಂತ ಕಾರಣ ಹೇಳ್ಲಿ?"

"ಮದುವೆ ಗೊತ್ತಾಗಿದೆ ಅನ್ನಿ." ಅವನ ದನಿ ತಗ್ಗಿತು. "ಒಪ್ಪಿಗೆ ಇದ್ರೆ ಮಾತ್ರ. ಇಲ್ಲದಿದ್ರೂ ಚಪ್ಪರ ಬಿಚ್ಚಲ್ಲ. ಅಮ್ಮಾರು ತಂಪಾಗಿರ್ಲಿ, ನೀವು ಇಲ್ಲೇ ಇರಿ."

ಒಪ್ಪದಿದ್ದರೂ ನೆರಳು ಕೊಡುತ್ತೇನೆನ್ನುವವನಿಗೆ ಬೇಡ ಎನ್ನುವುದು ಹೇಗೆ? ಅವಳು ಫೋನ್ ತೆಗೆದು, ಅವನೆದುರಿಗೇ ಆ ಮನೆಯವರ ಕ್ಷಮೆ ಕೇಳಿದಳು. ಕಾರಣವನ್ನೂ ಹೇಳಿದಳು. ಯೋಗೇಂದ್ರ ಏಣಿ ಹಿಡಿದುಕೊಂಡೇ ನಿಂತಿದ್ದ.

"ಗರಿ ಒಣಗೋದ್ರೊಳಗೆ ನಮ್ಮಮ್ಮನ್ನ ಬಂದು ಕೇಳ್ಬೇಕು," ಎಂದಳು.

"ಈಗ್ಲೇ ಬರ್ತೀನಿ."

"ಮೊದ್ಲು ಕೈ ತೊಳ್ಕೊಳ್ಳಿ."